ಕಚ್ಚು ಒಂದೇ, ವೋಲ್ಟು ಬೇರೆ

ಕಳೆದ ವರ್ಷದ ಒಂದು ಶನಿವಾರ ಮಧ್ಯಾಹ್ನ, ಪ್ರಯೋಗಾಲಯಕ್ಕೆ ಬೀಗ ಹಾಕಿ ನಾವು ಮನೆಗೆ ಹೊರಡುವ ಹೊತ್ತಿಗೆ, ಎರಡನೆಯ ವರ್ಷದ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಬಾಗಿಲಲ್ಲಿ ಬಂದು ನಿಂತನು. ಅವನ ಕೈಯಲ್ಲಿ ಟವಲಿನಲ್ಲಿ ಸುತ್ತಿದ ಲ್ಯಾಪ್‌ಟಾಪು ಇದ್ದಿತು. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ತಂದವರ ಹಾಗೆ ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಳಿಸಿ, “ಸಾರ್, ಸುಟ್ಟುಹೋಗಿದೆ ಅನ್ನಿಸುತ್ತೆ” ಎಂದನು.

ವಿಷಯ ಇಷ್ಟು. ವಿದ್ಯಾರ್ಥಿವೇತನದ ಹಣ ಬಂದಾಗ ಅವನು ಇನ್ನೊಬ್ಬರು ಬಳಸಿದ ಲ್ಯಾಪ್‌ಟಾಪನ್ನು ಕೊಂಡಿದ್ದನು. ಅದರಲ್ಲಿ ಇದ್ದ ರ‍್ಯಾಮ್ 2 ಗಿಗಾಬೈಟು ಮಾತ್ರ. ಯಂತ್ರ ಎತ್ತಿನ ಗಾಡಿಯಂತೆ ನಡೆಯುತ್ತಿದ್ದಿತು. ಮತ್ತೆ ನಾಲ್ಕು ತಿಂಗಳು ಕಾಸು ಕೂಡಿಟ್ಟು, ಪೇಟೆಯ ಅಂಗಡಿಯೊಂದರಲ್ಲಿ 4 ಗಿಗಾಬೈಟಿನ ರ‍್ಯಾಮ್ ಕೊಂಡನು. ಅಂಗಡಿಯವರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿ, “ಡಿಡಿಆರ್ 3 ತಾನೆ? ಕಚ್ಚು ಸರಿಯಾಗಿದೆ, ಕೂರುತ್ತೆ, ತಗೊಂಡು ಹೋಗು” ಎಂದಿದ್ದರಂತೆ. ಅವರ ಮಾತು ಸುಳ್ಳಾಗಲಿಲ್ಲ. ಫಲಕ ಸರಾಗವಾಗಿ ಕುಳಿತಿತು. ಆದರೆ ಗುಂಡಿಯನ್ನು ಒತ್ತಿದಾಗ ದೀಪ ಹತ್ತಿತು, ಪಂಖ ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಒಳಗಿನಿಂದ ಬೀಪ್ ಬೀಪ್ ಎಂಬ ಸದ್ದು ಬಿಟ್ಟು ಬಿಟ್ಟು ಕೇಳತೊಡಗಿತು. ಹುಡುಗನು ಹೆದರಿ ಹೋದನು.

ನಾವು ಬ್ಯಾಟರಿಯನ್ನು ಬಿಡಿಸಿ, ಹೊಸ ಫಲಕವನ್ನು ಕಿತ್ತು, ಹಳೆಯದನ್ನು ಅದರ ಸ್ಥಾನದಲ್ಲಿ ಕೂರಿಸಿದೆವು. ಯಂತ್ರವು ಏನೂ ಆಗದಂತೆ ಎಚ್ಚೆತ್ತುಕೊಂಡಿತು. ಹುಡುಗನ ಮುಖಕ್ಕೆ ಬಣ್ಣ ಮರಳಿತು. ಬಣ್ಣ ಮರಳಿದ ಕೂಡಲೇ ಪ್ರಶ್ನೆಯೂ ಬಂದಿತು: “ಹಾಗಾದರೆ ಹೊಸದೇ ಕೆಟ್ಟದ್ದಾ ಸಾರ್? ಆದರೆ ಹಾಸ್ಟೆಲಿನಲ್ಲಿ ರೂಮ್‌ಮೇಟಿನ ಲ್ಯಾಪ್‌ಟಾಪಿಗೆ ಇದನ್ನೇ ಹಾಕಿ ನೋಡಿದೆ. ಅದರಲ್ಲಿ ಚೆನ್ನಾಗಿಯೇ ನಡೆಯಿತು.”

ಲ್ಯಾಪ್‌ಟಾಪು ಕೆಟ್ಟಿಲ್ಲ, ರ‍್ಯಾಮ್ ಕೆಟ್ಟಿಲ್ಲ, ಆದರೂ ಎರಡೂ ಕೂಡಿ ಬಾಳಲಾರವು. ಇದು ಹೇಗೆ? ಎರಡು ಫಲಕಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ಚೀಟಿಗಳನ್ನು ಓದಿದೆವು. ಹೊಸದರ ಮೇಲೆ ‘ಪಿಸಿ 3-12800 ಎಸ್’ ಎಂದಿತ್ತು. ಹಳೆಯದರ ಮೇಲೆ ‘ಪಿಸಿ 3 ಎಲ್-12800 ಎಸ್’ ಎಂದಿತ್ತು. ಅಂಗಡಿಯವರ ಕಣ್ಣಿಗೆ ಬೀಳದೆ ಹೋದದ್ದು ಆ ‘ಎಲ್’ ಎಂಬ ಒಂದೇ ಅಕ್ಷರ. ಕಡಿಮೆ ಎಂಬರ್ಥದ ಇಂಗ್ಲಿಷ್ ಪದದ ಮೊದಲಕ್ಷರ ಅದು. ಇಲ್ಲಿ ಕಡಿಮೆಯಾದುದು ವೋಲ್ಟೇಜು. ಹೊಸ ಫಲಕಕ್ಕೆ 1.5 ವೋಲ್ಟು ಬೇಕು, ಹಳೆಯದಕ್ಕೆ 1.35 ವೋಲ್ಟು ಸಾಕು. ವ್ಯತ್ಯಾಸ 0.15 ವೋಲ್ಟು. ಟಾರ್ಚಿಗೆ ಹಾಕುವ ಒಂದು ಸೆಲ್ಲಿನ ವೋಲ್ಟೇಜಿನಲ್ಲಿ ಹತ್ತನೆಯ ಒಂದು ಪಾಲು. ಇಷ್ಟು ಅಲ್ಪವಾದುದಕ್ಕೆ ಒಂದು ಯಂತ್ರವೇ ಏಕೆ ನಿಂತುಹೋಗಬೇಕೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವನ್ನು ರ‍್ಯಾಮಿನ ಒಳಗೆ ಇಳಿದು ಹುಡುಕಬೇಕು.

ಒಂದು ಚಮಚ ನೀರು, ಅರ್ಧ ಚೊಂಬು

ಇಂದಿನ ರ‍್ಯಾಮ್ ಚಿಪ್ಪುಗಳ ಮೂಲ ಕಲ್ಪನೆಯು ಅಮೆರಿಕದ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬ ಎಂಜಿನಿಯರರದು. 1966ರಲ್ಲಿ ಅವರಿಗೆ ಹೊಳೆದ ಈ ಉಪಾಯಕ್ಕೆ 1968ರಲ್ಲಿ ಪೇಟೆಂಟ್ ದೊರೆಯಿತು. ಅದಕ್ಕೆ ಮುಂಚೆ ಒಂದು ಬಿಟ್ಟನ್ನು, ಎಂದರೆ ಒಂದು ಸೊನ್ನೆಯನ್ನೋ ಒಂದನ್ನೋ, ಹಿಡಿದಿಡಲು ಹಲವು ಟ್ರಾನ್ಸಿಸ್ಟರುಗಳು ಬೇಕಾಗಿದ್ದವು. ಡೆನ್ನಾರ್ಡರು ಅದನ್ನು ಒಂದು ಟ್ರಾನ್ಸಿಸ್ಟರು ಮತ್ತು ಒಂದು ಧಾರಕಕ್ಕೆ ಇಳಿಸಿದರು. ಧಾರಕದಲ್ಲಿ ವಿದ್ಯುದಾವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಟ್ರಾನ್ಸಿಸ್ಟರು ಅದರ ಬಾಗಿಲು. ಇಷ್ಟೇ ಕೋಶ. ನಮ್ಮ ಹುಡುಗನ 4 ಗಿಗಾಬೈಟಿನ ಫಲಕದಲ್ಲಿ ಇಂಥ 3,435 ಕೋಟಿಗೂ ಹೆಚ್ಚು ಕೋಶಗಳಿವೆ.

ಈ ಧಾರಕವು ಎಷ್ಟು ದೊಡ್ಡದು? ಪ್ರಯೋಗಾಲಯದಲ್ಲಿ ನಾವು ಬಳಸುವ ಧಾರಕಗಳನ್ನು ಮೈಕ್ರೊಫ್ಯಾರಡುಗಳಲ್ಲಿ ಅಳೆಯುತ್ತೇವೆ. ರ‍್ಯಾಮಿನ ಧಾರಕವನ್ನು ಫೆಮ್ಟೊಫ್ಯಾರಡುಗಳಲ್ಲಿ ಅಳೆಯಬೇಕು. ಒಂದು ಮೈಕ್ರೊಫ್ಯಾರಡಿನಲ್ಲಿ ನೂರು ಕೋಟಿ ಫೆಮ್ಟೊಫ್ಯಾರಡುಗಳು. ಲೆಕ್ಕಕ್ಕಾಗಿ 20 ಫೆಮ್ಟೊಫ್ಯಾರಡ್ ಎಂದಿಟ್ಟುಕೊಳ್ಳೋಣ. ಆವೇಶವು ಧಾರಣಸಾಮರ್ಥ್ಯ ಮತ್ತು ವೋಲ್ಟೇಜುಗಳ ಗುಣಲಬ್ಧವೆಂಬುದು ಪಿ.ಯು. ತರಗತಿಯ ಪಾಠ. ಅದರಂತೆ 1.5 ವೋಲ್ಟಿಗೆ ತುಂಬಿದ ಕೋಶದಲ್ಲಿ ಸುಮಾರು 1 ಲಕ್ಷ 87 ಸಾವಿರ ಎಲೆಕ್ಟ್ರಾನುಗಳ ಆವೇಶವಿರುವುದು, 1.35 ವೋಲ್ಟಿಗೆ ತುಂಬಿದರೆ ಸುಮಾರು 1 ಲಕ್ಷ 69 ಸಾವಿರ. ಒಂದು ಸಂಗತಿಯನ್ನು ಮುಚ್ಚಿಡಬಾರದು: ಚಿಪ್ಪುಗಳು ಹೊರಗಿನಿಂದ ಬಂದ ವೋಲ್ಟೇಜನ್ನು ಒಳಗೆ ತಾವೇ ಇನ್ನಷ್ಟು ತಗ್ಗಿಸಿ ಬಳಸುವುದುಂಟು. ಆದುದರಿಂದ ಇದು ಅಂದಾಜಿನ ಲೆಕ್ಕವೇ ಹೊರತು ತಕ್ಕಡಿಯಲ್ಲಿ ತೂಗಿದ ಲೆಕ್ಕವಲ್ಲ.

ಸಾಲದುದಕ್ಕೆ ಈ ಧಾರಕವು ಸೋರುವ ಮಡಕೆ. ಬಿಟ್ಟರೆ ಆವೇಶವೆಲ್ಲ ಬಸಿದುಹೋಗುವುದು. ಅದಕ್ಕಾಗಿ ಪ್ರತಿಯೊಂದು ಕೋಶವನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಓದಿ, ಇದ್ದುದನ್ನು ಇದ್ದಂತೆ ಮತ್ತೆ ತುಂಬಬೇಕು. ವಾಚಕರು ಈ ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಅವರ ಗಣಕದ ಸ್ಮೃತಿಯು ಹಲವು ಹತ್ತು ಸಲ ತನ್ನನ್ನು ತಾನೇ ತುಂಬಿಕೊಂಡಿರುತ್ತದೆ.

ಓದುವ ಕ್ರಮವಂತೂ ಇನ್ನೂ ನಾಜೂಕು. ಕೋಶದಿಂದ ಹೊರಡುವ ತಂತಿಯು ನೂರಾರು ಕೋಶಗಳಿಗೆ ಸಮಾನವಾದುದು; ಅದಕ್ಕೂ ತನ್ನದೇ ಧಾರಣಸಾಮರ್ಥ್ಯವಿದೆ, ಅದು ಕೋಶದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಓದುವ ಮುನ್ನ ತಂತಿಯನ್ನು ಅರ್ಧ ವೋಲ್ಟೇಜಿಗೆ ತಂದು ನಿಲ್ಲಿಸುತ್ತಾರೆ. ಆಮೇಲೆ ಕೋಶದ ಬಾಗಿಲು ತೆರೆಯುತ್ತದೆ. ಕೋಶ ತುಂಬಿದ್ದರೆ ತಂತಿಯ ವೋಲ್ಟೇಜು ಒಂದಿಷ್ಟು ಏರುವುದು, ಬರಿದಾಗಿದ್ದರೆ ಒಂದಿಷ್ಟು ಇಳಿಯುವುದು. ಅರ್ಧ ನೀರಿರುವ ಚೊಂಬಿಗೆ ಒಂದು ಚಮಚ ನೀರು ಹಾಕಿ, ಮಟ್ಟ ಏರಿತೇ ಇಲ್ಲವೇ ಎಂದು ಹೇಳುವ ಹಾಗೆ. ತಂತಿಯ ಸಾಮರ್ಥ್ಯ ಕೋಶದ ಐದರಷ್ಟು ಎಂದಿಟ್ಟುಕೊಂಡರೆ, 1.5 ವೋಲ್ಟಿನಲ್ಲಿ ಈ ಏರಿಳಿತ 0.125 ವೋಲ್ಟು; 1.35ರಲ್ಲಿ 0.1125 ವೋಲ್ಟು. ಸೂಕ್ಷ್ಮ ವರ್ಧಕವೊಂದು ಇಷ್ಟನ್ನು ಗುರುತಿಸಿ, ಕೆಲವೇ ನ್ಯಾನೊಸೆಕೆಂಡುಗಳಲ್ಲಿ ತೀರ್ಪು ಕೊಡಬೇಕು. ವೋಲ್ಟೇಜು ತಗ್ಗಿದರೆ ಟ್ರಾನ್ಸಿಸ್ಟರುಗಳೂ ನಿಧಾನವಾಗುವುವು, ತೀರ್ಪು ತಡವಾಗುವುದು. ನಿಯಂತ್ರಕವು ತಡವನ್ನು ಕಾಯುವುದಿಲ್ಲ. ಗಡುವಿನ ಹೊತ್ತಿಗೆ ತಂತಿಯಲ್ಲಿ ಏನಿದೆಯೋ ಅದನ್ನೇ ಉತ್ತರವೆಂದು ಎತ್ತಿಕೊಂಡು ಹೋಗುವುದು.

ಈಗ 0.15 ವೋಲ್ಟು ಅಷ್ಟೇನೂ ಅಲ್ಪವಲ್ಲವೆಂದು ವಾಚಕರಿಗೆ ತೋರಬಹುದು. 1.5 ವೋಲ್ಟಿನ ಫಲಕವನ್ನು ತಯಾರಕರು 1.425ರಿಂದ 1.575ರವರೆಗೆ ಸರಿಯಾಗಿ ನಡೆಯುವುದೆಂದು ಪರೀಕ್ಷಿಸಿ ಕಳುಹಿಸುತ್ತಾರೆ. 1.35ರಲ್ಲಿ ಅದು ನಡೆಯುವುದೆಂದು ಯಾರೂ ಮಾತು ಕೊಟ್ಟಿಲ್ಲ. ನಡೆಯಲೂಬಹುದು. “ನಮ್ಮಣ್ಣನ ಲ್ಯಾಪ್‌ಟಾಪಿನಲ್ಲಿ ನಡೆದಿದೆ” ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ಆದರೆ ಕೋಶಗಳ ಸಂಖ್ಯೆಯನ್ನು ನೆನೆಯಿರಿ. ನೂರು ಕೋಟಿಗೆ ಒಂದರಂತೆ ಕೋಶಗಳು ತಗ್ಗಿದ ವೋಲ್ಟೇಜಿಗೆ ಸೋತರೂ 4 ಗಿಗಾಬೈಟಿನಲ್ಲಿ 34 ಕೋಶಗಳು ಸುಳ್ಳು ಹೇಳುತ್ತವೆ. ಯಂತ್ರ ಹತ್ತಿಕೊಂಡಿತೆಂದರೆ ಆ 34 ಇಲ್ಲವೆಂದು ಅರ್ಥವಲ್ಲ. ನಮ್ಮ ಅಭಿಪ್ರಾಯದಲ್ಲಿ, ಕಪ್ಪು ಪರದೆ ತೋರಿಸಿ ಬೀಪ್ ಎಂದು ಕೂಗಿದ ಈ ಲ್ಯಾಪ್‌ಟಾಪು ಪ್ರಾಮಾಣಿಕವಾದುದು. ಹತ್ತಿಕೊಂಡು, ಮೂರು ವಾರ ನಡೆದು, ಪ್ರಾಜೆಕ್ಟ್ ವರದಿಯ ಕಡತದಲ್ಲಿ ಒಂದು ಬಿಟ್ಟನ್ನು ಸದ್ದಿಲ್ಲದೆ ತಿರುಗಿಸಿಡುವ ಯಂತ್ರವೇ ಹೆಚ್ಚು ಅಪಾಯಕಾರಿ.

ಕೊಡುವವರು ಯಾರು?

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಹೇಳಬೇಕು. ರ‍್ಯಾಮ್ ತನಗೆ ಬೇಕಾದ ವೋಲ್ಟೇಜನ್ನು ತಾನು ತೆಗೆದುಕೊಳ್ಳಲಾರದು. ಡಿಡಿಆರ್ 4ರವರೆಗಿನ ಎಲ್ಲ ಪೀಳಿಗೆಗಳಲ್ಲಿಯೂ ಮದರ್‌ಬೋರ್ಡಿನ ಮೇಲಿರುವ ಒಂದು ನಿಯಂತ್ರಕ ಮಂಡಲವು ಅದನ್ನು ಸಿದ್ಧಮಾಡಿ ಎಲ್ಲ ಸ್ಲಾಟುಗಳಿಗೂ ಒಂದೇ ಕೊಳವೆಯಿಂದ ಹರಿಸುವುದು. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಸಾರು. ನನಗೆ ಖಾರ ಕಡಿಮೆ ಎಂದರೆ ನಡೆಯದು. ಒಂದು ಸ್ಲಾಟಿನಲ್ಲಿ 1.5ರ ಫಲಕ, ಇನ್ನೊಂದರಲ್ಲಿ 1.35ರ ಫಲಕ ಇದ್ದರೆ ಎರಡಕ್ಕೂ ಸಿಗುವುದು ಒಂದೇ ವೋಲ್ಟೇಜು.

ಯಾವ ವೋಲ್ಟೇಜೆಂಬುದು ಹೇಗೆ ತೀರ್ಮಾನವಾಗುತ್ತದೆ? ಪ್ರತಿ ಫಲಕದ ಮೇಲೂ ದೊಡ್ಡ ಚಿಪ್ಪುಗಳ ನಡುವೆ ಅಕ್ಕಿ ಕಾಳಿಗಿಂತ ತುಸು ದೊಡ್ಡದಾದ ಒಂದು ಪುಟ್ಟ ಚಿಪ್ಪು ಇರುವುದು. ಎಸ್‌ಪಿಡಿ ಎಂದು ಅದರ ಹೆಸರು. ಅದು ಫಲಕದ ಜಾತಕ: ಗಾತ್ರವೆಷ್ಟು, ವೇಗವೆಷ್ಟು, ತಯಾರಕರು ಯಾರು, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಅದಕ್ಕೆ ವಿದ್ಯುತ್ತನ್ನು ಒದಗಿಸುವ ಸಂಪರ್ಕವೇ ಬೇರೆ. ಆದಕಾರಣ ಯಂತ್ರ ಎಚ್ಚರಗೊಳ್ಳುವಾಗ ಬಯಾಸ್ ಮೊದಲು ಈ ಜಾತಕವನ್ನು ಓದಬಲ್ಲುದು. ಡಿಡಿಆರ್ 3ರ ಜಾತಕದಲ್ಲಿ 6 ಎಂಬ ಸಂಖ್ಯೆಯ ಬೈಟು ವೋಲ್ಟೇಜಿಗೆ ಮೀಸಲು. ಅದರಲ್ಲಿ 1.35 ವೋಲ್ಟಿಗೆ ಒಪ್ಪಿಗೆಯಿದ್ದರೆ ಒಂದು ಬಿಟ್ಟು ‘ಒಂದು’ ಆಗಿರುತ್ತದೆ. 1.5ರ ಬಿಟ್ಟು ಮಾತ್ರ ತಲೆಕೆಳಗು: ‘ಸೊನ್ನೆ’ ಎಂದರೆ ಒಪ್ಪಿಗೆ. ಹೀಗೇಕೆಂದರೆ, 1.5 ವೋಲ್ಟು ಒಂದೇ ಇದ್ದ ಕಾಲದ ಹಳೆಯ ಫಲಕಗಳಲ್ಲಿ ಆ ಬೈಟು ಬರಿಯ ಸೊನ್ನೆಯಾಗಿರುತ್ತದೆ. ಅದನ್ನು ಓದಿದ ಹೊಸ ಬೋರ್ಡು ಕೂಡ ಸರಿಯಾಗಿಯೇ ಅರ್ಥಮಾಡಿಕೊಳ್ಳಬೇಕು.

ಎರಡು ವೋಲ್ಟೇಜುಗಳನ್ನೂ ಕೊಡಬಲ್ಲ ಬೋರ್ಡು ಜಾತಕವನ್ನು ನೋಡಿ, ಎಲ್ಲ ಫಲಕಗಳಿಗೂ ಸಲ್ಲುವುದನ್ನು ಆರಿಸುವುದು. 1.35 ಒಂದನ್ನೇ ಕೊಡಬಲ್ಲ ಬೋರ್ಡಿಗೆ ಆರಿಸಲು ಏನೂ ಇಲ್ಲ. ಅದು ಕೊಟ್ಟದ್ದನ್ನು ಫಲಕ ಒಪ್ಪಬೇಕು, ಇಲ್ಲವೇ ಬಿಡಬೇಕು. ನಮ್ಮ ಹುಡುಗನ ಲ್ಯಾಪ್‌ಟಾಪಿನಲ್ಲಿ ಇದ್ದುದು ಇಂಟೆಲ್ ಸಂಸ್ಥೆಯ ಐ 3-4005 ಯು ಎಂಬ ಸಂಸ್ಕಾರಕ. ನಾಲ್ಕನೆಯ ಪೀಳಿಗೆಯ, 2013ರಲ್ಲಿ ಬಂದ, ‘ಯು’ ಎಂದು ಕೊನೆಗೊಳ್ಳುವ ಈ ವರ್ಗವು ವಿದ್ಯುತ್ತನ್ನು ಉಳಿಸಲೆಂದೇ ರೂಪಿಸಿದುದು. ಸ್ಲಾಟಿನಲ್ಲಿ ಕೂರಿಸುವ ಫಲಕಗಳ ಪೈಕಿ ಇದು ಡಿಡಿಆರ್ 3 ಎಲ್ ಒಂದನ್ನು ಮಾತ್ರ ಒಪ್ಪುವುದೆಂದು ಇಂಟೆಲ್‌ನ ವಿವರಣೆಯಲ್ಲಿಯೇ ಇದೆ. ಹಾಸ್ಟೆಲಿನ ಗೆಳೆಯನದು ಮೂರನೆಯ ಪೀಳಿಗೆಯ ಐ 3-3110 ಎಂ. ಅದಕ್ಕೆ ಎರಡೂ ಸಮ್ಮತ. ಗೆಳೆಯನ ಯಂತ್ರ ಹಳೆಯದಾದುದರಿಂದಲೇ ಉದಾರವಾಗಿತ್ತು.

ಕಡಿಮೆ ವೋಲ್ಟೇಜಿನಿಂದ ಯಾವುದೂ ಸುಡುವುದಿಲ್ಲ. ಹಸಿದವನು ಕೆಲಸ ಮಾಡಲಾರನು, ಅಷ್ಟೇ. ಆದಕಾರಣ ಹಳೆಯ ಫಲಕವನ್ನು ಮರಳಿ ಹಾಕಿದೊಡನೆ ಯಂತ್ರ ನಡೆದುದರಲ್ಲಿ ಪವಾಡವೇನೂ ಇಲ್ಲ. ಹೆಚ್ಚು ವೋಲ್ಟೇಜಿನ ಮಾತೇ ಬೇರೆ. ಟ್ರಾನ್ಸಿಸ್ಟರಿನ ಒಳಗೆ ಅವಾಹಕದ ಒಂದು ತೆಳುವಾದ ಪದರವಿದೆ. ಅದರ ದಪ್ಪ 5 ನ್ಯಾನೊಮೀಟರು ಎಂದಿಟ್ಟುಕೊಂಡು 1.5 ವೋಲ್ಟನ್ನು ಅದರಿಂದ ಭಾಗಿಸಿದರೆ, ವಿದ್ಯುತ್‌ಕ್ಷೇತ್ರವು ಮೀಟರಿಗೆ 30 ಕೋಟಿ ವೋಲ್ಟು ಎಂದಾಗುವುದು. ಒಣ ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟು ಸಾಕು. ಅದರ ನೂರು ಪಟ್ಟನ್ನು ಈ ಪದರವು ವರ್ಷಗಟ್ಟಲೆ ಹಗಲಿರುಳು ಹೊತ್ತು ನಿಂತಿರುವುದು. ಅದರ ಮೇಲೆ ಇನ್ನಷ್ಟು ಹೇರಿದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಕಚ್ಚಿನ ಭಾಷೆ

ಅಂಗಡಿಯವರು ಕಚ್ಚನ್ನು ನೋಡಿ ಹೇಳಿದುದರಲ್ಲಿ ತಪ್ಪಿಲ್ಲ. ಕಚ್ಚು ಇರುವುದೇ ಅದಕ್ಕಾಗಿ. ಫಲಕದ ಕೆಳಗಿನ ಅಂಚಿನಲ್ಲಿ ಚಿನ್ನದ ಬಣ್ಣದ ಸಂಪರ್ಕಗಳ ನಡುವೆ ಕತ್ತರಿಸಿದ ಆ ಸಂದು, ಸ್ಲಾಟಿನಲ್ಲಿರುವ ದಿಂಡಿಗೆ ಸರಿಯಾಗಿ ಹೊಂದಿದರೆ ಮಾತ್ರ ಫಲಕ ಒಳಗಿಳಿಯುವುದು. 1990ರ ದಶಕದ 168 ಸಂಪರ್ಕಗಳ ಫಲಕಗಳಲ್ಲಿ ಎರಡು ಕಚ್ಚುಗಳಿದ್ದವು. ಅವುಗಳಲ್ಲಿ ಒಂದರ ಸ್ಥಾನವು ನೇರವಾಗಿ ವೋಲ್ಟೇಜನ್ನೇ ಸೂಚಿಸುತ್ತಿತ್ತು. ಆಮೇಲೆ ಬಂದ ಡಿಡಿಆರ್ 2.5 ವೋಲ್ಟಿನದು, ಡಿಡಿಆರ್ 2 1.8ರದು, 2007ರ ಡಿಡಿಆರ್ 3 1.5ರದು. ಪೀಳಿಗೆ ಬದಲಾದಂತೆ ಕಚ್ಚಿನ ಸ್ಥಾನವೂ ಸರಿಯಿತು. ಮೇಜಿನ ಮೇಲಿಡುವ ಗಣಕಗಳಲ್ಲಿ ಡಿಡಿಆರ್ 2 ಮತ್ತು ಡಿಡಿಆರ್ 3 ಎರಡಕ್ಕೂ 240 ಸಂಪರ್ಕಗಳಿದ್ದರೂ ಒಂದನ್ನು ಇನ್ನೊಂದರ ಸ್ಲಾಟಿನಲ್ಲಿ ಕೂರಿಸಲಾಗದಿರುವುದು ಇದರಿಂದಲೇ.

ಹೀಗಿರಲು 2010ರಲ್ಲಿ ಡಿಡಿಆರ್ 3 ಎಲ್ ಬಂದಾಗ ಕಚ್ಚನ್ನು ಏಕೆ ಸರಿಸಲಿಲ್ಲ? ಮರೆತುದರಿಂದ ಅಲ್ಲ. ಈ ಮಾನಕಗಳನ್ನು ರೂಪಿಸುವ ಜೆಡೆಕ್ ಸಂಸ್ಥೆಯು, ಡಿಡಿಆರ್ 3 ಎಲ್ ಫಲಕವು 1.35ರಲ್ಲಿಯೂ 1.5ರಲ್ಲಿಯೂ ನಡೆಯಬೇಕೆಂದು ವಿಧಿಸಿತು. ಹೊಸ ಫಲಕವು ಹಳೆಯ ಬೋರ್ಡಿನಲ್ಲಿ ಕುಳಿತು ಕೆಲಸಮಾಡಲಿ ಎಂಬುದೇ ಉದ್ದೇಶ. ಅದಕ್ಕಾಗಿ ಕಚ್ಚು ಒಂದೇ ಇರಬೇಕಾಯಿತು. ಆದರೆ ಹೊಂದಾಣಿಕೆಯು ಒಂದೇ ದಿಕ್ಕಿನದು, ಕಚ್ಚಿಗೆ ದಿಕ್ಕಿನ ಅರಿವಿಲ್ಲ. ಎಲ್ ಫಲಕವನ್ನು ಹಳೆಯ ಸ್ಲಾಟಿಗೆ ಬಿಡುವ ಬಾಗಿಲು, ಎಲ್ ಅಲ್ಲದ ಫಲಕವನ್ನು ಹೊಸ ಸ್ಲಾಟಿಗೂ ಬಿಟ್ಟುಬಿಡುತ್ತದೆ. ನಮ್ಮ ಹುಡುಗನು ಹೋದದ್ದು ಈ ಎರಡನೆಯ ದಾರಿಯಲ್ಲಿ.

ಇಂಥ ಬಲೆ ಹೊಸದೇನೂ ಅಲ್ಲ. 1976ರಲ್ಲಿ ಮೋಸ್‌ಟೆಕ್ ಸಂಸ್ಥೆ ತಂದ 4116 ಎಂಬ ಚಿಪ್ಪನ್ನು ಮೊದಲ ತಲೆಮಾರಿನ ಮನೆಗಣಕಗಳಲ್ಲಿ ವಿಪುಲವಾಗಿ ಬಳಸಿದರು. ಬ್ರಿಟನ್ನಿನಲ್ಲಿ 1982ರಲ್ಲಿ ಬಂದ ಸ್ಪೆಕ್ಟ್ರಮ್ ಗಣಕದಲ್ಲಿಯೂ ಅದು ಇದ್ದಿತು. 16 ಕಾಲುಗಳ ಆ ಚಿಪ್ಪಿಗೆ ಮೂರು ಬಗೆಯ ವೋಲ್ಟೇಜು ಬೇಕು: +12, +5, ಮತ್ತು -5. ಋಣ 5 ವೋಲ್ಟು ಕೈಕೊಟ್ಟರೆ ಚಿಪ್ಪು ಹಾಳಾಗುವ ಸಂಭವವಿತ್ತು. ಹಳೆಯ ಗಣಕಗಳನ್ನು ದುರಸ್ತಿಮಾಡುವ ಹವ್ಯಾಸಿಗಳು ಇಂದಿಗೂ ಮೊದಲು ಆ ತಂತಿಯನ್ನೇ ಅಳೆದು ನೋಡುತ್ತಾರೆ. ಅದರ ಬೆನ್ನಿಗೇ, ನಾಲ್ಕರಷ್ಟು ಸಾಮರ್ಥ್ಯದ 4164 ಎಂಬ ಚಿಪ್ಪು ಬಂದಿತು. ಅದಕ್ಕೆ +5 ವೋಲ್ಟು ಒಂದೇ ಸಾಕು; ದೊಡ್ಡ ಸೌಕರ್ಯವೇ ಸರಿ. ಆದರೆ ಅದಕ್ಕೂ 16 ಕಾಲುಗಳು, ಆಕಾರವೂ ಅದೇ. 4116ರಲ್ಲಿ +12 ವೋಲ್ಟು ಬರುವ 8ನೆಯ ಕಾಲೇ 4164ರಲ್ಲಿ +5 ವೋಲ್ಟಿನ ಕಾಲು! ಹಳೆಯ ಸಾಕೆಟ್ಟಿನಲ್ಲಿ ಹೊಸ ಚಿಪ್ಪನ್ನು ಹಾಗೆಯೇ ಕೂರಿಸಿದರೆ, 5 ವೋಲ್ಟು ಬಯಸುವ ಬಾಯಿಗೆ 12 ವೋಲ್ಟು ಸುರಿದಂತೆ. ಇಲ್ಲಿ ಬೀಪ್ ಸದ್ದಿನ ಎಚ್ಚರಿಕೆಯೂ ಇರುವುದಿಲ್ಲ.

ಮೂವತ್ತು ವರ್ಷಗಳ ಅನಂತರ ಇದೇ ಕಥೆ ಇನ್ನೊಂದು ವೇಷದಲ್ಲಿ ಮರಳಿತು. ವೇಗದ ಚಪಲವುಳ್ಳವರಿಗಾಗಿ ಕೆಲವು ತಯಾರಕರು ಮಾನಕದ 1.5 ವೋಲ್ಟನ್ನು ಮೀರಿ ಓಡಿಸುವ ಡಿಡಿಆರ್ 3 ಫಲಕಗಳನ್ನು ಮಾರುತ್ತಿದ್ದರು. 2008ರ ಕೊನೆಯಲ್ಲಿ ಬಂದ ಇಂಟೆಲ್ ಕೋರ್ ಐ 7ರಲ್ಲಿ, ಅದುವರೆಗೆ ಬೋರ್ಡಿನ ಮೇಲಿದ್ದ ಸ್ಮೃತಿ ನಿಯಂತ್ರಕವು ಸಂಸ್ಕಾರಕದ ಒಳಕ್ಕೆ ಬಂದಿತ್ತು. ಎಂದರೆ ರ‍್ಯಾಮಿನ ತಂತಿಗಳು ನೇರವಾಗಿ ಸಂಸ್ಕಾರಕದ ಮೈಯನ್ನು ಮುಟ್ಟತೊಡಗಿದವು. ರ‍್ಯಾಮಿಗೆ 1.65 ವೋಲ್ಟಿಗಿಂತ ಹೆಚ್ಚು ಕೊಟ್ಟರೆ ಸಂಸ್ಕಾರಕಕ್ಕೇ ಶಾಶ್ವತವಾದ ಹಾನಿಯಾಗಬಹುದೆಂದು ಇಂಟೆಲ್ ಎಚ್ಚರಿಸಿತು. ಕೆಲವು ಮದರ್‌ಬೋರ್ಡುಗಳ ಸ್ಲಾಟುಗಳ ಮೇಲೆ ಆ ಎಚ್ಚರಿಕೆಯ ಚೀಟಿಯನ್ನೇ ಅಂಟಿಸಿ ಮಾರಿದರು. ಅಲ್ಲಿಂದೀಚೆಗೆ ಹೊಂದಾಣಿಕೆಯ ಪ್ರಶ್ನೆಯು ಬೋರ್ಡು ಮತ್ತು ರ‍್ಯಾಮುಗಳ ಇಬ್ಬರ ವ್ಯವಹಾರವಾಗಿ ಉಳಿಯಲಿಲ್ಲ. ಸಂಸ್ಕಾರಕವೂ ಸೇರಿ ಮೂವರದಾಯಿತು.

ಇಷ್ಟೆಲ್ಲ ತೊಡಕಿದ್ದರೂ ವೋಲ್ಟೇಜನ್ನು ತಗ್ಗಿಸುತ್ತಲೇ ಬಂದುದೇಕೆ? ಧಾರಕವೊಂದನ್ನು ತುಂಬಿ ಬರಿದುಮಾಡಲು ತಗಲುವ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದು. 1.5ರಿಂದ 1.35ಕ್ಕೆ ಇಳಿದರೆ ವೋಲ್ಟೇಜಿನಲ್ಲಿ ಕಡಿಮೆಯಾಗುವುದು ನೂರಕ್ಕೆ 10; ಶಕ್ತಿಯಲ್ಲಿ ನೂರಕ್ಕೆ 19. ಲ್ಯಾಪ್‌ಟಾಪಿನ ಬ್ಯಾಟರಿಗೆ ಇದು ಬಂದ ಲಾಭ. 168 ಸಂಪರ್ಕಗಳ ಕಾಲದ 3.3 ವೋಲ್ಟಿಗೆ ಹೋಲಿಸಿದರೆ ಇಂದಿನ ಡಿಡಿಆರ್ 5ರ 1.1 ವೋಲ್ಟು ಮೂರನೆಯ ಒಂದು ಪಾಲು. ಅದೇ ಧಾರಕಕ್ಕೆ ಅಷ್ಟೇ ಸಲ ತಗಲುವ ಶಕ್ತಿ ಒಂಬತ್ತನೆಯ ಒಂದು ಪಾಲು. ಟ್ರಾನ್ಸಿಸ್ಟರುಗಳು ಕಿರಿದಾದಂತೆ ಅವಾಹಕದ ಪದರವೂ ತೆಳುವಾಗುವುದರಿಂದ, ತಗ್ಗಿಸದೆ ಗತ್ಯಂತರವೂ ಇಲ್ಲ.

ಕೊಳ್ಳುವ ಮುನ್ನ

ಇನ್ನು ವ್ಯವಹಾರದ ಮಾತು. ಮೊದಲು ನೋಡಬೇಕಾದುದು ಸಂಸ್ಕಾರಕದ ಹೆಸರು ಮತ್ತು ಸಂಖ್ಯೆ. ತಯಾರಕರ ಜಾಲತಾಣದಲ್ಲಿ ಆ ಸಂಖ್ಯೆಯ ಪುಟಕ್ಕೆ ಹೋದರೆ, ಅದು ಯಾವ ಬಗೆಯ ಸ್ಮೃತಿಯನ್ನು ಒಪ್ಪುವುದೆಂದು ಒಂದು ಸಾಲಿನಲ್ಲಿ ಬರೆದಿರುತ್ತದೆ. ಬಳಿಕ ಬೋರ್ಡಿನ ಅಥವಾ ಲ್ಯಾಪ್‌ಟಾಪಿನ ಕೈಪಿಡಿ. ಸಂಸ್ಕಾರಕವು ಎರಡನ್ನು ಒಪ್ಪಿದರೂ ಬೋರ್ಡು ಒಂದನ್ನೇ ಕೊಡುವಂತಿರಬಹುದು. 2015ರಲ್ಲಿ ಬಂದ ಇಂಟೆಲ್‌ನ ಆರನೆಯ ಪೀಳಿಗೆಯು ಡಿಡಿಆರ್ 4 ಮತ್ತು ಡಿಡಿಆರ್ 3 ಎಲ್ ಎರಡಕ್ಕೂ ಹೊಂದುವಂತಿತ್ತು. ಸ್ಲಾಟು ಯಾವುದೆಂದು ತೀರ್ಮಾನಿಸಿದವನು ಬೋರ್ಡು ಮಾಡಿದವನು. ಈಗಾಗಲೇ ಕುಳಿತಿರುವ ಫಲಕದ ಚೀಟಿ ಮೂರನೆಯ ಸಾಕ್ಷಿ. ಅದರ ಮೇಲೆ 12800 ಎಂದಿದ್ದರೆ ಗಾಬರಿಯಾಗಬೇಕಾಗಿಲ್ಲ. ಅದು ಸೆಕೆಂಡಿಗೆ 1600 ದಶಲಕ್ಷ ಸಲ, ಸಲಕ್ಕೆ 8 ಬೈಟಿನಂತೆ, ಎಷ್ಟು ಮೆಗಾಬೈಟು ಸಾಗುವುದೆಂಬ ಲೆಕ್ಕ. ಕೊನೆಯ ‘ಎಸ್’ ಲ್ಯಾಪ್‌ಟಾಪಿನ ಚಿಕ್ಕ ಫಲಕವೆಂಬುದಕ್ಕೆ ಗುರುತು. ಕಣ್ಣಿಡಬೇಕಾದುದು 3ರ ಪಕ್ಕದಲ್ಲಿ.

ಯಂತ್ರವನ್ನು ಬಿಚ್ಚಲು ಇಷ್ಟವಿಲ್ಲದವರು ಸಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶದಲ್ಲಿ ಎಸ್‌ಪಿಡಿಯ ಪುಟವನ್ನು ತೆರೆದರೆ ವೋಲ್ಟೇಜಿನ ಸಾಲು ಕಾಣುವುದು. ಲಿನಕ್ಸ್ ಬಳಸುವವರಿಗೆ ಡಿಎಂಐಡಿಕೋಡ್ ಎಂಬ ಆಜ್ಞೆಯಿದೆ. ಇವು ಹೇಳುವುದು ಬರೆದಿಟ್ಟ ಸಂಖ್ಯೆಯನ್ನೇ ಹೊರತು ವೋಲ್ಟ್‌ಮೀಟರು ಇಟ್ಟು ಅಳೆದುದನ್ನಲ್ಲ. ಭೌತಶಾಸ್ತ್ರದವರಾದ ನಮಗೆ ಈ ಭೇದವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ಡಿಡಿಆರ್ 3ರ ಸ್ಲಾಟು ಯಾವ ವೋಲ್ಟಿನದೆಂದು ಹೇಗೂ ತಿಳಿಯದಿದ್ದರೆ, ವೋಲ್ಟೇಜಿನ ಮಟ್ಟಿಗೆ ಎಲ್ ಇರುವ ಫಲಕವನ್ನು ಕೊಳ್ಳುವುದೇ ಕ್ಷೇಮ. ಅದು ಎರಡು ಕಡೆಯೂ ಸಲ್ಲುವುದು. ಡಿಡಿಆರ್ 4ರಲ್ಲಿ ಈ ಗೊಂದಲವಿಲ್ಲ, ಮಾನಕ ವೋಲ್ಟೇಜು 1.2 ಒಂದೇ. ಕೆಲವು ಫಲಕಗಳ ಮೇಲೆ ದೊಡ್ಡದಾಗಿ ಬರೆದಿರುವ 1.35 ವೋಲ್ಟು, ಎಕ್ಸ್‌ಎಂಪಿ ಎಂಬ ಹೆಚ್ಚುವೇಗದ ಏರ್ಪಾಡನ್ನು ನಾವಾಗಿ ಆರಿಸಿಕೊಂಡಾಗ ಮಾತ್ರ ಬೇಕಾಗುವಂಥದು. 2020ರ ಡಿಡಿಆರ್ 5 ಮಾನಕವು ವ್ಯವಸ್ಥೆಯನ್ನೇ ತಿರುಗಿಸಿಹಾಕಿತು. ಸಾಮಾನ್ಯ ಗಣಕಗಳಲ್ಲಿ ಬೋರ್ಡು ಈಗ 5 ವೋಲ್ಟನ್ನು ಕೊಟ್ಟು ಸುಮ್ಮನಾಗುವುದು, ಅದನ್ನು 1.1ಕ್ಕೆ ಇಳಿಸುವ ಚಿಪ್ಪು ಫಲಕದ ಮೇಲೆಯೇ ಇದೆ. ಪಂಕ್ತಿಯಲ್ಲಿ ಕುಳಿತವರು ತಮ್ಮ ತಮ್ಮ ಸಾರನ್ನು ತಾವೇ ಹದಮಾಡಿಕೊಳ್ಳುವ ಕಾಲ ಬಂದಿತೆನ್ನಬೇಕು.

ಆದರೆ ನಮ್ಮ ವಿದ್ಯಾರ್ಥಿಗಳ ಕೈಗೆ ಬರುವ ಯಂತ್ರಗಳು ಹೆಚ್ಚಾಗಿ ಹತ್ತು ವರ್ಷ ಹಳೆಯವು. ಅವರ ಪಾಲಿಗೆ ಆ ಒಂದು ಅಕ್ಷರದ ಬೆಲೆ ನಾಲ್ಕು ತಿಂಗಳ ಉಳಿತಾಯ.

ಅಂಗಡಿಯವರು ಪೊಟ್ಟಣ ಒಡೆದುದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಸೋಮವಾರ ಸಂಜೆ ಹುಡುಗನು ಹಾಸ್ಟೆಲಿನ ಗೆಳೆಯನನ್ನೂ ಅವನ ಲ್ಯಾಪ್‌ಟಾಪನ್ನೂ ಕರೆತಂದನು. “ನಿನ್ನದರಲ್ಲಿ ಈಗ ಯಾವುದಿದೆಯಪ್ಪ?” ಎಂದು ಕೇಳಿ, ಹಿಂಬದಿಯ ಮುಚ್ಚಳ ತೆಗೆದು ನೋಡಿದೆವು. 4 ಗಿಗಾಬೈಟು, ಪಿಸಿ 3 ಎಲ್! ಎರಡನ್ನೂ ಒಪ್ಪುವ ಯಂತ್ರದಲ್ಲಿ ಎಲ್ ಫಲಕ, ಎಲ್ ಒಂದನ್ನೇ ಒಪ್ಪುವ ಯಂತ್ರಕ್ಕೆ ತಂದದ್ದು ಎಲ್ ಇಲ್ಲದ ಫಲಕ. ಗೆಳೆಯನಿಗೆ ಕಾರಣವನ್ನು ವಿವರಿಸಿದಾಗ ಅವನು ನಕ್ಕು, “ತಗೊಳ್ಳೋ, ನನಗೆ ಯಾವುದಾದರೇನು” ಎಂದನು. ಫಲಕಗಳು ಅದಲುಬದಲಾದವು. ಎರಡೂ ಯಂತ್ರಗಳಲ್ಲಿ ಸ್ಮೃತಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ಹಚ್ಚಿ, ರಾತ್ರಿಯೆಲ್ಲ ನಡೆಯಲೆಂದು ಪ್ರಯೋಗಾಲಯದ ಮೇಜಿನ ಮೇಲೆ ಬಿಟ್ಟು ಬಂದೆವು.

ಬೆಳಿಗ್ಗೆ ನಾವು ಬರುವ ಮೊದಲೇ ಇಬ್ಬರೂ ಬಾಗಿಲಲ್ಲಿ ಕಾದಿದ್ದರು. ಎರಡು ಪರದೆಗಳಲ್ಲಿಯೂ ದೋಷಗಳ ಸಂಖ್ಯೆ ಸೊನ್ನೆ.